ಕಬ್ಬಿಲ್ಲದ ಸಂಕ್ರಾಂತಿ ಕಾರ್ಡು

ಓಣಿಯಲ್ಲಿ ಎಳ್ಳು ಹುರಿಯುವ ವಾಸನೆ ಏಳುವ ಮೊದಲೇ ನಮ್ಮ ಮನೆಯಲ್ಲಿ ಕಾಗದ ಕತ್ತರಿಸುವ ಸದ್ದು ಶುರುವಾಗುತ್ತಿತ್ತು. ಚಿತ್ರದುರ್ಗದಲ್ಲಿ, ಕೋಟೆಯ ಕೆಳಗಿನ ನಮ್ಮ ಓಣಿಯಲ್ಲಿ, ಸಂಕ್ರಾಂತಿಯ ಎಳ್ಳಿನ ಪೊಟ್ಟಣದ ಜೊತೆ ಒಂದು ಶುಭಾಶಯದ ಕಾರ್ಡು ಇಟ್ಟು ಕೊಡುವ ರೂಢಿ ಬಿದ್ದಿತ್ತು. ಆ ಕಾರ್ಡು ಅಂಗಡಿಯದಲ್ಲ, ನಾನು ಅಚ್ಚು ಒತ್ತಿ ಮಾಡಿದ್ದು. ಇದು ನಿನ್ನ ಕೆಲಸ ಎಂದು ಯಾರೂ ನನಗೆ ಬರೆದುಕೊಟ್ಟಿರಲಿಲ್ಲ. ಆದರೆ ಸೊಸೆಯಾಗಿ ಬಂದ ಮನೆಯಲ್ಲಿ ಯಾವುದಕ್ಕೆ ಎಷ್ಟು ಉಪ್ಪು ಎನ್ನುವುದನ್ನೂ ಬೇರೆಯವರು ಹೇಳುತ್ತಿದ್ದಾಗ, ನನ್ನದೇ ಎನ್ನುವಂತೆ ಇದ್ದದ್ದು ಇದೊಂದೇ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅದೂ ನನ್ನ ಕೈಯಲ್ಲಿ ಉಳಿಯಿತೇ ಎನ್ನುವುದನ್ನೇ ಬರೆಯಲು ಕೂತಿದ್ದೇನೆ.

ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಮದುವೆ ಕಾರ್ಡು ಕತ್ತರಿಸಿ ಉಳಿದ ದಪ್ಪ ಕಾಗದದ ಪಟ್ಟಿಗಳನ್ನು ಅಲ್ಲಿ ಮೂಲೆಗೆ ಎಸೆಯುತ್ತಿದ್ದರು. ಕೆನೆಬಣ್ಣದ್ದು, ತಿಳಿ ಗುಲಾಬಿ, ಒಳಗೆ ಹೊಳೆಯುವ ಎಳೆ ಇದ್ದದ್ದು. ಅವನ್ನು ಇವರು ಊಟದ ಡಬ್ಬಿಯ ಚೀಲದಲ್ಲಿ ಮಡಿಸದಂತೆ ನಿಲ್ಲಿಸಿಕೊಂಡು ತರುತ್ತಿದ್ದರು. "ತಗೋ, ಯಾರದೋ ಮದುವೆ ಅಂಚು" ಎಂದು ಕೊಡುತ್ತಿದ್ದರು. ಆ ಪಟ್ಟಿಗಳಿಂದ ಏನು ಮಾಡಬೇಕು ಎಂದು ತೋಚಿದ್ದು ಮಾತ್ರ ನನಗೆ.

ನನ್ನ ತವರು ಐಮಂಗಲದ ಕಡೆ. ಅಪ್ಪ ಕುರಿ ಸಾಕಿದವರು. ಉಣ್ಣೆ ಕತ್ತರಿಸಿದ ಮೇಲೆ ಪ್ರತಿ ಕುರಿಯ ಮೈಗೂ ಕೆಮ್ಮಣ್ಣು ಕಲಸಿದ ಬಣ್ಣದಲ್ಲಿ ನಮ್ಮ ಮನೆಯ ಗುರುತು ಒತ್ತಬೇಕು. ಬೇವಿನ ತುಂಡಿನಲ್ಲಿ ಅಪ್ಪನೇ ಕೆತ್ತಿದ ಅಚ್ಚು ಅದು, ನಡುವೆ ಗೀರಿರುವ ಅರ್ಧಚಂದ್ರ. ನಾನು ಕುರಿಯ ಕಿವಿ ಹಿಡಿದು ನಿಲ್ಲುತ್ತಿದ್ದೆ. ಒತ್ತಲು ನನ್ನ ಕೈ ತುರಿಸುವುದನ್ನು ಕಂಡು ನನಗೂ ಒಂದೆರಡು ಬಿಡುತ್ತಿದ್ದರು.

"ಒತ್ತು, ಎತ್ತು. ತಿಕ್ಕಬ್ಯಾಡವ್ವ. ತಿಕ್ಕಿದ್ರೆ ನಮ್ಮ ಕುರಿ ಪಕ್ಕದ ಹಿಂಡ್ನೋರ ಕುರಿ ಆಗ್ತೈತೆ" ಎನ್ನುತ್ತಿದ್ದರು ಅಪ್ಪ.

ಕಾರ್ಡಿಗೂ ಅದೇ ಮಾತು. ಅಂಗೈಯ ಬುಡದಲ್ಲಿ ಭಾರ ಕೊಟ್ಟು ನೇರ ಒತ್ತಿ ನೇರ ಎತ್ತಬೇಕು. ಅತ್ತಿತ್ತ ಅಲುಗಿದರೆ ಅಂಚು ಹರಡುತ್ತದೆ. ಕಾಗದದ ಕೆಳಗೆ ಮಡಿಸಿದ ಪೇಪರು ಇರಬೇಕು, ಬರಿ ನೆಲದ ಮೇಲಿಟ್ಟು ಒತ್ತಿದರೆ ನಡುವೆ ಬಣ್ಣ ಕೂರುವುದಿಲ್ಲ. ಹಳೆ ಸೀರೆಯ ತುಂಡನ್ನು ಮಡಿಸಿ ತಟ್ಟೆಯಲ್ಲಿಟ್ಟು ಬಣ್ಣ ಹುಯ್ದರೆ ಅದೇ ಪ್ಯಾಡು. ಅಚ್ಚಿಗೆ ಮೊದಲು ಮರ ತೆಗೆದುಕೊಂಡು ನೋಡಿದೆ. ಅದು ಬಣ್ಣ ಕುಡಿದು ಕಾಗದಕ್ಕೆ ಬಿಡಲಿಲ್ಲ. ಆಲೂಗಡ್ಡೆ ಒಂದೇ ದಿನಕ್ಕೆ ಬಾಡಿ ಸುಕ್ಕಾಯಿತು. ಆಗ ಕಣ್ಣಿಗೆ ಬಿದ್ದದ್ದು ಬಾಗಿಲ ಬಳಿ ಇದ್ದ ಯಜಮಾನರ ಹವಾಯಿ ಚಪ್ಪಲಿ. ಉಂಗುಷ್ಠ ಕಿತ್ತುಹೋಗಿತ್ತು, ಅಟ್ಟೆ ಇನ್ನೂ ದಪ್ಪಗಿತ್ತು. ಸವೆಯದ ಭಾಗವನ್ನು ತೊಳೆದು ಒಣಗಿಸಿ ಬ್ಲೇಡಿನಲ್ಲಿ ಕಬ್ಬಿನ ಜಲ್ಲೆ ಕೊರೆದೆ. ಗಿಣ್ಣುಗಳ ಜಾಗದಲ್ಲಿ ಗೀರು, ಮೇಲೆ ಎರಡು ಗರಿ. ಹಿಂದೆ ಮರದ ಚೂರು ಅಂಟಿಸಿದೆ. ಎಂಥ ಅಚ್ಚು! ಗರಿಯ ತುದಿ ಕೂಡ ಕಾಗದದ ಮೇಲೆ ಎದ್ದು ಕೂತಿತು.

ಸಂಜೆ ಅವರು ಬಂದು ಹುಡುಕಿದರು. "ನನ್ನ ಹಳೆ ಚಪ್ಪಲಿ ಎಲ್ಲೇ? ಉಂಗುಷ್ಠ ಹಾಕ್ಸಾಣ ಅಂತಿದ್ದೆ."

"ಕಬ್ಬಾಗೈತೆ ನೋಡ್ರಿ" ಎಂದು ಕಾರ್ಡು ತೋರಿಸಿದೆ.

ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲೇ, ಊರಿಗೆಲ್ಲ ನನ್ನ ಪಾದ ಹಂಚಾಕೆ ಹೊಂಟೀಯಲ್ಲೇ! ನಮ್ಮವ್ವಗೆ ಗೊತ್ತಾದ್ರೆ ಇಬ್ರನ್ನೂ ಬಚ್ಚಲಿಗೆ ನೂಕಿ ನೀರು ಹುಯ್ತಾಳೆ."

"ಹೇಳಿದ್ರೆ ತಾನೆ?"

"ನಾನ್ಯಾಕೆ ಹೇಳ್ಲಿ, ನನ್ನ ಮರ್ವಾದಿ ಪ್ರಶ್ನೆ" ಎಂದರು. ಮುಂದೆ ಚಪ್ಪಲಿ ಸವೆದಾಗೆಲ್ಲ ತಾವೇ ತಂದು ನನ್ನ ಮುಂದಿಟ್ಟು, "ಇದಕ್ಕೆ ಏನ್ ಯೋಗ ಐತೆ ನೋಡು" ಎನ್ನುವರು. ಹಾಗೆ ಸೂರ್ಯ ಆಯಿತು, ಉಕ್ಕುವ ಮಡಕೆ ಆಯಿತು, ಎಳ್ಳಿನ ಹೂವಾಯಿತು. ಅಪ್ಪನ ನೆನಪಿಗೆ ಒಂದು ಕುರಿಯನ್ನೂ ಕೊರೆದಿಟ್ಟುಕೊಂಡೆ. ಅದನ್ನು ಸಂಕ್ರಾಂತಿ ಕಾರ್ಡಿಗೆ ಒತ್ತುತ್ತಿರಲಿಲ್ಲ, ಸುಮ್ಮನೆ ಡಬ್ಬಿಯಲ್ಲಿ ಇರುತ್ತಿತ್ತು. ಬಣ್ಣ ಹತ್ತಿ ಹತ್ತಿ ಅಂಚೆಲ್ಲ ಕಪ್ಪಾದ ಮೇಲೆ ಅವು ಯಾವ ರಬ್ಬರಿನವು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಕೇಳಿದವರೂ ಇಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ನಮ್ಮದು ಒಂದೇ ಮನೆ, ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡದ್ದು. ಆ ಕಡೆ ಮೈದುನ, ಓರಗಿತ್ತಿ, ಅತ್ತೆ. ಈ ಕಡೆ ನಾವು. ಮುಂದಿನ ಜಗುಲಿ ಎರಡಕ್ಕೂ ಸೇರಿದ್ದು. ಕಾರ್ಡಿನ ಕೆಲಸಕ್ಕೆ ಓಣಿಯ ಹೆಂಗಸರೆಲ್ಲ ನಮ್ಮ ನಡುಮನೆಗೆ ಬರುತ್ತಿದ್ದರು. ಓರಗಿತ್ತಿ ಕಾಗದ ಮಡಿಸುವಳು, ಮತ್ತೊಬ್ಬರು ದಾರ ಕಟ್ಟುವರು, ಕೈ ಗಟ್ಟಿ ಇದ್ದವರು ಅಚ್ಚು ಒತ್ತುವರು. ನಾನು ಪ್ರತಿಯೊಂದನ್ನೂ ನೋಡಿ ಒಣಗಲು ಹಗ್ಗಕ್ಕೆ ಸಿಕ್ಕಿಸುತ್ತಿದ್ದೆ. ಎದುರು ಮನೆಯಾಕೆ ಒತ್ತಿದ ಕಬ್ಬು ಯಾವಾಗಲೂ ಓರೆ.

"ಏನಕ್ಕ, ನಿಮ್ಮ ಕಬ್ಬು ಕುಡಿದಂಗೆ ಐತಲ್ಲ!" ಎಂದು ಓರಗಿತ್ತಿ ಛೇಡಿಸುವಳು.

"ನಮ್ಮನೆಯೋರ ಜತೆ ಇದ್ದು ಇದ್ದು ಕಬ್ಬಿಗೂ ಚಟ ಹತ್ತೈತೆ ಕಣೆ" ಎಂದು ಆಕೆ. ಗೋಡೆ ಅದುರುವಂತೆ ನಗು.

ಅತ್ತೆ ಮಾತ್ರ ಬಾಗಿಲ ಹೊಸಲಿನಾಚೆ ಕೂತು ಎಳ್ಳು ಹಸನು ಮಾಡುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಕಾರ್ಡು ಆದ ಮೇಲೆ ಕೆಲವು ಓಣಿಯ ಪೊಟ್ಟಣಗಳಿಗೆ, ಕೆಲವು ಹಿರಿಯೂರು, ಹೊಸದುರ್ಗದ ನೆಂಟರಿಗೆ. ಮಗಳನ್ನು ಹೊಳಲ್ಕೆರೆಗೆ ಕೊಟ್ಟ ಮೇಲೆ ಅವಳಿಗೂ ಒಂದು ಪೋಸ್ಟಿನಲ್ಲಿ ಹೋಗುತ್ತಿತ್ತು.

ಯಜಮಾನರು ಶ್ರಾವಣದಲ್ಲಿ ಹೋದರು. ಬೆಳಿಗ್ಗೆ ಪ್ರೆಸ್ಸಿಗೆ ಹೋದವರು ಅಲ್ಲೇ ಕುಸಿದರಂತೆ. ಆ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ, ಅಚ್ಚಿನ ಬಿಸ್ಕತ್ತು ಡಬ್ಬಿಯನ್ನು ನಾನೂ ತೆಗೆಯಲಿಲ್ಲ. ವರ್ಷದ ಕಾರ್ಯ ಮುಗಿಯಿತು. ಮತ್ತೆ ಸಂಕ್ರಾಂತಿ ಹತ್ತಿರ ಬಂದಾಗ ಎಲ್ಲ ಮೊದಲಿನಂತೆ ಎಂದುಕೊಂಡೆ. ಪ್ರೆಸ್ಸಿನ ಮಾಲೀಕರು ಹೇಳಿಕಳಿಸಿದ್ದರಿಂದ ಹೋಗಿ ಕಾಗದದ ಪಟ್ಟಿ ತಂದೆ. ಎಲ್ಲವನ್ನೂ ಅಳತೆಗೆ ಕತ್ತರಿಸಿ, ಬಣ್ಣ ತರಿಸಿ, ನಡುಮನೆ ಗುಡಿಸಿ ಚಾಪೆ ಹಾಸಿಟ್ಟೆ. ಇವರು ಹೋದ ಮೇಲೆ ಅಷ್ಟು ಹುರುಪಿನಿಂದ ಮಾಡಿದ ಮೊದಲ ಕೆಲಸ ಅದು.

ಮಧ್ಯಾಹ್ನ ಓರಗಿತ್ತಿ ಬಂದಳು. ಚಾಪೆ ನೋಡಿದಳು, ಕೂರಲಿಲ್ಲ.

"ಅಕ್ಕ, ಈ ವರ್ಷ ನಮ್ಮ ಕಡೆ ಮಾಡಾಣ ಅಂತ ಮಾಡೀವಿ. ನಿಮಗ್ಯಾಕೆ ತ್ರಾಸು. ಅಚ್ಚಿನ ಡಬ್ಬಿ ಕೊಡ್ರಿ ಸಾಕು."

"ಅದಕ್ಕೇನು, ಅಲ್ಲೇ ಮಾಡಾಣ. ಬಣ್ಣ ತಗೊಂಡು ಬರ್ತೀನಿ ನಡಿ" ಎಂದು ಎದ್ದೆ.

"ಬ್ಯಾಡಕ್ಕ, ನೀವು ಕುಂತ್ಕಳ್ರಿ. ನಾವು ಮಾಡ್ಕೊತೀವಿ."

"ಒತ್ತಾಕೆ ಬರ್ತೈತೇನೇ ನಿಮಗೆ? ನೋಡ್ಕೊಳ್ಳಾಕೆ ಒಬ್ರು ಬೇಕು."

ಅವಳು ಹಿಂದೆ ತಿರುಗಿ ಜಗುಲಿಯ ಕಡೆ ನೋಡಿದಳು. ಅಲ್ಲಿ ಅತ್ತೆ ಎಳ್ಳಿನ ಮೊರ ಹಿಡಿದು ಕೂತಿದ್ದರು. ಕೇರುವುದನ್ನು ನಿಲ್ಲಿಸದೆ, ತಲೆ ಎತ್ತದೆ ಹೇಳಿದರು: "ಮುತ್ತೈದೇರ ಮನೆಗೆ ಹೋಗಾ ಕಾಗದ ಅದು. ನಿಮ್ಮ ಮಾವ ಹೋದ ಮ್ಯಾಲೆ ನಾನು ಒಂದ್ ದಿನಾನಾರ ಮುಟ್ಟಿದ್ದು ನೋಡೀಯೇನವ್ವ?"

ಆಗ ತಿಳಿಯಿತು. ತ್ರಾಸು ಅಂದದ್ದಕ್ಕೆ ಏನು ಅರ್ಥ, ಚಾಪೆಯ ಮೇಲೆ ಅವಳು ಯಾಕೆ ಕೂರಲಿಲ್ಲ, ಎಲ್ಲ. ಡಬ್ಬಿ ತಂದು ಅವಳ ಮುಂದೆ ಹಿಡಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, "ಅಲ್ಲೇ ಕೆಳಗಿಡ್ರಿ ಅಕ್ಕ" ಎಂದಳು. ಇಟ್ಟೆ. ಎತ್ತಿಕೊಂಡು ಹೋದಳು. ಕತ್ತರಿಸಿಟ್ಟ ಕಾಗದವನ್ನೂ ಒಯ್ದಳು, ಕಾಗದಕ್ಕೆ ಆ ದೋಷ ಇರಲಿಲ್ಲವೇನೋ.

ಗೋಡೆ ಒಂದಿಟ್ಟಿಗೆಯದು. ಆ ಕಡೆ ಚಮಚ ಬಿದ್ದರೂ ಈ ಕಡೆ ಕೇಳುತ್ತದೆ. ನಾನು ಬೇಳೆ ಆರಿಸುತ್ತ ಕೂತಿದ್ದೆ. ಹೆಂಗಸರು ಬಂದರು, ಬಳೆಯ ಸದ್ದಾಯಿತು, ಅದೇ ಎದುರು ಮನೆಯಾಕೆಯ ಧ್ವನಿ, ಅದೇ ಕುಡುಕ ಕಬ್ಬಿನ ಮಾತು. ಅಚ್ಚು ಬೀಳುವ ಸದ್ದು ನನಗೆ ಗೊತ್ತು. ಕೆಳಗೆ ಪೇಪರಿದ್ದರೆ ಮೆತ್ತಗೆ ಧಪ್ ಎನ್ನುತ್ತದೆ. ಇದು ಟಕ್ ಟಕ್ ಎನ್ನುತ್ತಿತ್ತು, ಬರಿ ನೆಲ. ಆಮೇಲೆ ಸರ್ರ್ ಎಂದು ಎಳೆದ ಸದ್ದು. ತಿಕ್ಕುತ್ತಿದ್ದರು. 'ಕೆಳಗೆ ಪೇಪರ್ ಇಡ್ರೇ' ಎಂದು ಕೂಗಬೇಕೆಂದು ಬಾಯಿಗೆ ಬಂತು. ಬೇಳೆಯ ಕಲ್ಲು ಆರಿಸಿದೆ.

ಹಬ್ಬದ ಸಂಜೆ ಹುಡುಗಿಯರು ಹೊಸ ಲಂಗ ಹಾಕಿಕೊಂಡು ತಟ್ಟೆ ಹಿಡಿದು ನನ್ನ ಬಾಗಿಲಿಗೂ ಬಂದರು. ಬರದೆ ಬಿಟ್ಟರು ಎಂದು ಹೇಳಿದರೆ ಸುಳ್ಳಾದೀತು. ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬಿನ ತುಂಡು, ಜೊತೆಗೆ ಕಾರ್ಡು. ನನ್ನದೇ ಕಬ್ಬು, ನನ್ನದೇ ಸೂರ್ಯ. ಕಬ್ಬಿನ ಗಿಣ್ಣುಗಳೆಲ್ಲ ಕಲಸಿಹೋಗಿ ಅದು ಕೋಲಿನ ಹಾಗೆ ಕಾಣುತ್ತಿತ್ತು. ನನ್ನ ಮನೆಗೆ ನನ್ನ ಅಚ್ಚಿನ ಶುಭಾಶಯ ಹಾಗೆ ಬಂತು.

ಹಬ್ಬ ಕಳೆದ ಮೇಲೆ ಡಬ್ಬಿ ಜಗುಲಿಯ ಮೇಲೆ ವಾಪಸ್ಸು ಬಂದಿತ್ತು. ತೆಗೆದರೆ ಅಚ್ಚುಗಳ ಗೀರಿನಲ್ಲಿ ಬಣ್ಣ ಒಣಗಿ ಕೂತಿತ್ತು. ಒತ್ತಿದ ಕೂಡಲೇ ತೊಳೆಯಬೇಕು ಎನ್ನುವುದೂ ಅವರಿಗೆ ಗೊತ್ತಿಲ್ಲ. ಬಚ್ಚಲಿಗೆ ಒಯ್ದು ಬೋಸಿಯಲ್ಲಿ ನೀರಿಗೆ ಹಾಕಿ, ಬಟ್ಟೆ ಸೋಪು ಸವರಿ, ಹಳೆ ಬ್ರಶ್ಶಿನಲ್ಲಿ ಉಜ್ಜತೊಡಗಿದೆ. ನೊರೆ ಕೆಂಪಾಯಿತು. ಬಣ್ಣ ಇರಬೇಕು ಎಂದುಕೊಂಡೆ. ಆದರೆ ಅವರು ಒತ್ತಿದ್ದು ಹಸಿರು ಮತ್ತು ನೀಲಿ. ಇನ್ನೊಂದು ತೆಗೆದೆ. ಅದೂ ಕೆಂಪು. ಯಾರೂ ಬಳಸದ ಕುರಿಯ ಅಚ್ಚು ಇತ್ತಲ್ಲ, ಅದಕ್ಕೆ ಸೋಪು ತಗುಲಿದ್ದೇ ಅದರ ಬೆನ್ನಿನ ಮರವೂ ಕೆಂಪಾಯಿತು. ಬೋಸಿಯ ನೀರು ಆರತಿ ತಟ್ಟೆಯ ನೀರಿನ ಹಾಗಾಯಿತು.

ಅರಿಶಿನ ಹತ್ತಿದ್ದಕ್ಕೆ ಸೋಪು ಬಿದ್ದರೆ ಕೆಂಪಾಗುತ್ತದೆ. ಬಟ್ಟೆ ಒಗೆಯುವ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾರ್ಡಿಗೆ ನಾವು ಎಂದೂ ಅರಿಶಿನ ಹಚ್ಚಿದವರಲ್ಲ. ಒತ್ತುವ ಮೊದಲು ಎಲ್ಲ ಅಚ್ಚುಗಳನ್ನೂ ಅರಿಶಿನದ ನೀರಿನಲ್ಲಿ ಅದ್ದಿ ತೆಗೆದಿದ್ದರು. ನನ್ನ ಕೈ ತಗುಲಿದ್ದು ಹೋಗಲಿ ಎಂದು.

ನಾನು ಬಚ್ಚಲಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟೆ. ಅಳು ಬರುತ್ತದೆ ಎಂದುಕೊಂಡೆ, ಬಂದದ್ದು ನಗು. ಅರಿಶಿನದ ನೀರಿನಲ್ಲಿ ಮಡಿ ಮಾಡಿದ್ದು ಹವಾಯಿ ಚಪ್ಪಲಿಯನ್ನು! ಅದನ್ನು ಹೇಳಿ ನಗಬೇಕಾದ ಮನುಷ್ಯ ಇರಲಿಲ್ಲ. ನಗು ಅಲ್ಲೇ ನಿಂತುಹೋಯಿತು. ಎಷ್ಟು ಉಜ್ಜಿದರೂ ಗೀರುಗಳ ಕೆಂಪು ಪೂರ್ತಿ ಬಿಡಲಿಲ್ಲ.

ಒಂದು ವರ್ಷ ಅದನ್ನು ಒಳಗೇ ಇಟ್ಟುಕೊಂಡೆ. ಜಗುಲಿಯ ಮೇಲೆ ಅದೇ ಓರಗಿತ್ತಿಯ ಜೊತೆ ಸೊಪ್ಪು ಸೋಸಿದೆ, ಅವಳ ಮಂಡಿನೋವಿಗೆ ಎಣ್ಣೆ ಕಾಸಿಕೊಟ್ಟೆ. ಅದಕ್ಕೆಲ್ಲ ನನ್ನ ಕೈ ಆಗುತ್ತಿತ್ತು. ಅತ್ತೆಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವುದೂ ನಾನೇ, ಓರಗಿತ್ತಿಗೆ ನೆನಪಿರುವುದಿಲ್ಲ. ಮತ್ತೆ ಸಂಕ್ರಾಂತಿ ಬರುವಾಗ ಮನಸ್ಸಿನಲ್ಲಿ ಒಂದೇ ಇತ್ತು: ಈ ಸಲ ಕರೆದರೆ ಎಲ್ಲ ಮರೆತುಬಿಡುತ್ತೇನೆ. ಒಂದು ಮಾತು, 'ಬರ್ರಿ ಅಕ್ಕ' ಎಂದರೆ ಸಾಕಿತ್ತು.

ಓರಗಿತ್ತಿ ಬಂದಳು. "ಅಕ್ಕ, ಡಬ್ಬಿ ಕೊಡ್ತೀರಾ?"

"ಡಬ್ಬಿ ಜತೆ ನಾನೂ ಬರ್ತೀನಿ. ಹೋದ ಸಲ ಗಿಣ್ಣೆಲ್ಲ ಕಲಸಿತ್ತು. ಮುಟ್ಟಲ್ಲ ಬೇಕಾದ್ರೆ, ದೂರ ಕುಂತು ಹೇಳ್ತೀನಿ." ಹೀಗೂ ಕೇಳಿಕೊಂಡೆ.

"ಅಯ್ಯೋ ಅಕ್ಕ, ನಾಕು ಜನ ಬರಾ ಕಡೆ... ನನಗೇನೂ ಇಲ್ಲಪ್ಪ, ಜನ ಏನಾರ ಅಂತಾರೆ."

"ಅರಿಶಿನದ ನೀರಾಗೆ ತೊಳಿಯಾಕೂ ಜನಾನೇ ಹೇಳಿದ್ರೇನು?"

ಅವಳ ಮುಖ ಇಳಿಯಿತು. ಜಗುಲಿಯಿಂದ ಅತ್ತೆಯೇ ಉತ್ತರ ಕೊಟ್ಟರು. "ನಾನೇ ಹೇಳಿದ್ದು. ಶುದ್ಧ ಮಾಡಿದ್ರೆ ತಪ್ಪೇನು? ನಿನಗೆ ಬಯ್ದ್ವಾ, ಹೊಡೆದ್ವಾ? ಒಳ್ಳೆ ಕೆಲಸಕ್ಕೆ ಬಳಸಾ ವಸ್ತು, ಶುದ್ಧ ಇರಬೇಕು."

"ಶುದ್ಧಾನೇ ಬಿಡ್ರಿ ಅತ್ತೆ" ಎಂದೆ. ಡಬ್ಬಿ ತಂದು ಜಗುಲಿಯ ಮೇಲೆ ಅವರಿಬ್ಬರ ನಡುವೆ ಸುರಿದೆ. "ಇದು ರಬ್ಬರು. ನಿಮ್ಮ ಮಗನ ಹವಾಯಿ ಚಪ್ಪಲಿ ಅಟ್ಟೆ. ಅವರು ಮೆಟ್ಟಿ ಬಿಟ್ಟಿದ್ದು. ಇಷ್ಟು ವರ್ಷ ಓಣಿಯೋರೆಲ್ಲ ಕೈಯಾಗೆ ಹಿಡ್ದು ಒತ್ತಿದ್ದು ಅದನ್ನೇ. ಹೋದ ವರ್ಷ ನೀವು ಅರಿಶಿನ ಹಚ್ಚಿ ಮೀಸಿದ್ದೂ ಅದನ್ನೇ."

ಓರಗಿತ್ತಿಯ ಕೈ ಸೂರ್ಯನ ಅಚ್ಚಿನ ಮೇಲಿತ್ತು. ಬಿಸಿ ತಾಗಿದಂತೆ ತೆಗೆದು ಸೆರಗಿಗೆ ಒರೆಸಿಕೊಂಡಳು. "ಥೂ! ಚಪ್ಪಲಿ? ದೇವರ ಮುಂದೆ ಇಟ್ಟಿದ್ನಲ್ಲಕ್ಕ ಆ ಕಾರ್ಡು!" ಎಂದವಳೇ ಒಳಗೆ ಹೋದಳು. ಕೈ ತೊಳೆಯುವ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು.

ಅತ್ತೆ ಏಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟರು. ಬಯ್ಯುತ್ತಾರೆ ಎಂದು ನಾನು ಕಾದು ನಿಂತೆ. "ಯಾವ ಚಪ್ಪಲಿ?" ಎಂದರು.

"ಕಬ್ಬು ಮಾಡಿದ್ದು ನೀಲಿ ಉಂಗುಷ್ಠದ್ದು. ಮಗಳು ಹುಟ್ಟಿದಾಗ ನನ್ನ ಬಾಣಂತನದಾಗೆ ಮೆಟ್ಟಿ ಓಡಾಡಿದ್ರಲ್ಲ, ಅದು."

ಅವರು ಕೈ ಚಾಚಿ ಕಬ್ಬಿನ ಅಚ್ಚನ್ನು ಎತ್ತಿಕೊಂಡರು. ಮಾವ ಹೋದಾಗಿನಿಂದ ಯಾವ ಅಚ್ಚನ್ನೂ ಮುಟ್ಟದಿದ್ದವರು. ಹೆಬ್ಬೆರಳಿನಲ್ಲಿ ಗಿಣ್ಣುಗಳ ಮೇಲೆ ಒಂದೊಂದಾಗಿ ಸವರಿದರು. ಕಣ್ಣು ಮಂಜಾಗಿರುವುದರಿಂದ ಹತ್ತಿರ ಹಿಡಿದು ನೋಡಿದರು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದರು. ನನ್ನ ಮುಖ ನೋಡಲಿಲ್ಲ.

ಓಣಿಯಲ್ಲಿ ಸುದ್ದಿ ಹರಡಲು ಸಂಜೆಯವರೆಗೂ ಬೇಕಾಗಲಿಲ್ಲ. ಅರಿಶಿನದ ನೀರಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. "ಇಷ್ಟು ವರ್ಷ ನಮ್ಮ ಕೈಗೆ ಚಪ್ಪಲಿ ಕೊಟ್ಟು ಮಜಾ ನೋಡಿದ್ಲು" ಎನ್ನುವುದೇ ಸುದ್ದಿ. ಎದುರು ಮನೆಯಾಕೆ ನನ್ನನ್ನು ಕಂಡರೆ ನಲ್ಲಿಯ ಹತ್ತಿರ ಕೊಡ ತಿರುಗಿಸಿ ನಿಲ್ಲುತ್ತಾಳೆ. ಕುಡುಕ ಕಬ್ಬಿನ ತಮಾಷೆ ಮಾಡಿದವಳೂ ಅವಳೇ. ಈಗ ಓಣಿಯಲ್ಲಿ ಕಾರ್ಡಿಲ್ಲ. ಪೊಟ್ಟಣದ ಮೇಲೆ ಅಂಗಡಿಯ ಸ್ಟಿಕ್ಕರು ಅಂಟಿಸುತ್ತಾರೆ, ಉಳಿದದ್ದು ಮೊಬೈಲಿನಲ್ಲಿ ಬರುತ್ತದೆ. ಹೊಸದುರ್ಗದ ನಾದಿನಿ ಮಿನುಗುವ ದೀಪದ ಚಿತ್ರ ಕಳಿಸುತ್ತಾಳೆ. ಅದೇ ಚಿತ್ರ ಓರಗಿತ್ತಿಗೂ ಬಂದಿರುತ್ತದೆ, ಗೋಡೆಯಾಚೆ ಟಿಣ್ ಎನ್ನುತ್ತದೆ.

ಹೇಳದೆ ಇದ್ದಿದ್ದರೆ ಡಬ್ಬಿಯಾದರೂ ವರ್ಷಕ್ಕೊಮ್ಮೆ ಹೋಗಿ ಬರುತ್ತಿತ್ತು ಎಂದು ಕೆಲವು ದಿನ ಅನ್ನಿಸುತ್ತದೆ. ಹೋಗಿ ಬರುತ್ತಿದ್ದದ್ದು ಡಬ್ಬಿ, ನಾನಲ್ಲ. ಅಷ್ಟಕ್ಕೆ ಸುಮ್ಮನಿರಬೇಕಿತ್ತೇ?

ಈ ವರ್ಷವೂ ನಡುಮನೆಯಲ್ಲಿ ಚಾಪೆ ಹಾಸಿದೆ. ಕಾಗದದ ಕೆಳಗೆ ಪೇಪರು ಮಡಿಸಿಟ್ಟೆ. ಒತ್ತಿದೆ, ಎತ್ತಿದೆ. ಮಗಳಿಗೊಂದು, ತವರಿಗೊಂದು, ಅಷ್ಟೇ. ಸೂರ್ಯ ಇದೆ, ಮಡಕೆ ಇದೆ, ಎಳ್ಳಿನ ಹೂವಿದೆ. ಕಬ್ಬಿನ ಜಾಗವನ್ನು ಖಾಲಿ ಬಿಟ್ಟೆ. ಹೊಸದು ಕೊರೆಯಲು ಮಂಚದ ಕೆಳಗೆ ಅವರ ಕೊನೆಯ ಜೊತೆ ಚಪ್ಪಲಿ ಇದೆ. ಬ್ಲೇಡು ಹಿಡಿದು ಹೋಗಿ ನೋಡಿದೆ. ಹಿಮ್ಮಡಿಯ ಕಡೆ ಮಾತ್ರ ಸ್ವಲ್ಪ ಸವೆದಿತ್ತು. ಕೊರೆಯದೆ ಹಾಗೇ ಬಂದೆ.

ಕಾರ್ಡು ಮುಟ್ಟಿದ ದಿನ ಹೊಳಲ್ಕೆರೆಯಿಂದ ಮಗಳು ಫೋನ್ ಮಾಡಿದಳು.

"ಅವ್ವ, ಈ ಸಲ ಕಬ್ಬೇ ಇಲ್ವಲ್ಲ?"

"ನಿಮ್ಮಜ್ಜಿ ತಲೆದಿಂಬಿನ ಕೆಳಗೈತೆ."

"ಕೇಳಿ ಇಸ್ಕಾ ಮತ್ತೆ."

"ಬೆಳಿಗ್ಗೆ ಮಾತ್ರೆ ಕೊಡಾಕೆ ಹೋದಾಗ ದಿನಾ ಕಾಣ್ತೈತೆ" ಎಂದೆ. "ದಿಂಬು ಸರಿಮಾಡಿ ಬರ್ತೀನಿ. ಅವರು ಕೊಡಲ್ಲ, ನಾನು ಕೇಳಲ್ಲ."